ಹೆಂಚು ಇಳಿಸಿದ ದಿನ

ಗುಡ್ಡದ ಇಳಿಜಾರಿನಲ್ಲಿ ಒಂದು ಮಠವಿತ್ತು. ಮಠಕ್ಕೆ ಗದ್ದೆಯಿರಲಿಲ್ಲ, ಕಾಣಿಕೆಯೂ ಅಷ್ಟಕ್ಕಷ್ಟೆ. ಇದ್ದದ್ದು ಎರಡು ಕಾಫಿ ತೋಟ: ಮೇಲಿನದೊಂದು, ಕೆಳಗಿನದೊಂದು. ಹೊತ್ತು ಹೊತ್ತಿಗೆ ಬಂದವರಿಗೆಲ್ಲ ಅನ್ನ ಹಾಕುವ ಆ ಮಠದ ಒಲೆ ಉರಿಯುತ್ತಿದ್ದದ್ದು ಅವುಗಳಿಂದಲೇ.

ಮಠದ ಹಿರಿಯರನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಆಡಿದರೆ ಕೇಳಿದವರಿಗೆ ನಾಲ್ಕು ದಿನ ನಿದ್ದೆ ಬರುತ್ತಿರಲಿಲ್ಲ.

ಅವರ ಶಿಷ್ಯ ಪರ್ವತಯ್ಯ, ಮುಂದೆ ಪೀಠಕ್ಕೆ ಬರಬೇಕಾದವನು. ಚುರುಕು, ದುಡಿಮೆಗಾರ, ಮನಸ್ಸು ಒಳ್ಳೆಯದು. ಒಂದೇ ತೊಂದರೆ, ತನಗೆ ತೋಚಿದ್ದೇ ಸರಿ ಎನ್ನಲು ಅವನಿಗೆ ಅರೆಗಳಿಗೆಯೂ ಬೇಕಾಗುತ್ತಿರಲಿಲ್ಲ. ಅಂಥವರನ್ನು ನೀವೂ ನೋಡಿರುತ್ತೀರಿ.

ಒಂದು ದಿನ ಬುದ್ಧಿ ಅವನನ್ನು ಕರೆದು ವಿಭೂತಿ ಬಟ್ಟಲನ್ನು ಕೈಗಿಟ್ಟರು.

"ಇವತ್ತಿನಿಂದ ತೋಟದ ಉಸ್ತುವಾರಿ ನಿನ್ನದು."

ಬಟ್ಟಲು ಯಾಕೆಂದರೆ, ಆ ಮಠದಲ್ಲಿ ಕಾಗದ ಪತ್ರ ಇರಲಿಲ್ಲ. ಕೊಡುವ ಕೊಳ್ಳುವ ಮಾತಾದರೆ ಎದುರಿನವನ ಅಂಗೈಗೆ ಒಂದು ಚಿಟಿಕೆ ವಿಭೂತಿ ಹಾಕುತ್ತಿದ್ದರು. ಹಾಕಿದ ಮೇಲೆ ಆಯಿತು, ಹಿಂದೆ ತೆಗೆದುಕೊಂಡ ಉದಾಹರಣೆಯಿಲ್ಲ. ಊರವರು ಆ ಚಿಟಿಕೆಯನ್ನು ನಂಬಿ ಮಗಳ ಮದುವೆಯ ದಿನ ಗೊತ್ತುಮಾಡುತ್ತಿದ್ದರು.

ಪರ್ವತಯ್ಯ ಮಾರನೆಯ ದಿನವೇ ತೋಟ ಸುತ್ತಿ ಬಂದ. ಎಲ್ಲಿ ನೋಡಿದರೂ ಕಾಫಿ ಗಿಡದ ನೆತ್ತಿಯ ಮೇಲೆ ಮರಗಳು. ಹಲಸು, ನಂದಿ, ಹೊನ್ನೆ, ಅತ್ತಿ. ಅವನಿಗೆ ಕಿರಿಕಿರಿಯಾಯಿತು.

"ಬುದ್ಧಿ, ಕಾಫಿ ಗಿಡಕ್ಕೆ ಬಿಸಿಲು ಬೇಡವಾ?"

"ಬೇಕು."

"ಮತ್ತೆ ಈ ಮರಗಳೆಲ್ಲ ಅಡ್ಡ ನಿಂತಿವೆಯಲ್ಲ. ವರ್ಷಾ ವರ್ಷ ಆಳು ಹತ್ತಿಸಿ ಕೊಂಬೆ ಸವರಿಸ್ತೀವಿ. ಅದು ಬಿಸಿಲು ಬರಲಿ ಅಂತ ತಾನೆ?"

"ಹೌದು."

"ಅಷ್ಟು ಬಿಸಿಲಿಗೇ ಇಷ್ಟು ಬೆಳೆ ಬಂದರೆ, ಪೂರ್ತಿ ಬಿಸಿಲು ಬಿಟ್ಟರೆ ಎಷ್ಟು ಬರಬಹುದು?"

"ಮಧ್ಯಾಹ್ನ ಸಾರಿಗೆ ಉಪ್ಪು ಹೇಗಿತ್ತು?" ಎಂದರು ಬುದ್ಧಿ.

"ಹದವಾಗಿತ್ತು."

ಬುದ್ಧಿ ತಲೆಯಾಡಿಸಿ ಸ್ನಾನಕ್ಕೆ ಹೋದರು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಏನು ಸಂಬಂಧ ಎಂದು ಪರ್ವತಯ್ಯ ಗೊಣಗಿಕೊಂಡ. ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕಾಯಿತು ಅವನಿಗೆ.

ಬೇಸಿಗೆಯಲ್ಲಿ ಕೆಳಗಿನ ತೋಟದ ಮರಗಳೆಲ್ಲ ಉರುಳಿದವು. ಬುದ್ಧಿ ಒಂದು ಸಲ ಬಂದು ನೋಡಿದರು. ಮುಖ ಸಣ್ಣದಾಯಿತು. ವಾಪಸು ಹೋದರು.

ಮಳೆ ಬಿದ್ದಾಗ ಕೆಳಗಿನ ತೋಟ ಹೂವಾಯಿತು ನೋಡಿ, ಗಿಡದಲ್ಲಿ ಎಲೆ ಕಾಣದಷ್ಟು. ಆ ಸಲದ ಕೊಯ್ಲಿಗೆ ಬುಟ್ಟಿ ಸಾಲಲಿಲ್ಲ. ಅಕ್ಕಪಕ್ಕದ ತೋಟದವರು ನೋಡಲು ಬಂದು ಪರ್ವತಯ್ಯನಿಗೆ ಅಡ್ಡಬಿದ್ದು ಹೋದರು. ಮುಂದಿನ ವರ್ಷ ಹೂವು ಇನ್ನೂ ಹೆಚ್ಚು, ಕಾಯಿ ಇನ್ನೂ ಹೆಚ್ಚು. ಕೊಂಬೆಗಳು ಬಾಗಿ ನೆಲ ಮುಟ್ಟಿದವು.

ಪರ್ವತಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಟದ ವ್ಯಾಪಾರಿ ಚೌಡೇಗೌಡನನ್ನು ಕರೆಸಿ, ಮೇಲಿನ ತೋಟದ ಮರಗಳನ್ನೂ ಕಡಿದುಕೊಂಡು ಹೋಗು ಎಂದ. ಅಂಗೈಗೆ ವಿಭೂತಿ ಹಾಕಿಯೂಬಿಟ್ಟ. ಬುದ್ಧಿಗೆ ಹೇಳಲಿಲ್ಲ. ಕೊಯ್ಲಿನ ಮೊದಲ ದಿನ ಎಲ್ಲರೆದುರು ಹೇಳಿ ಸಂತೋಷಪಡಿಸೋಣ ಎಂದುಕೊಂಡ.

ಕೊಯ್ಲಿನ ಮೊದಲ ದಿನ ಅಲ್ಲಿ ಒಂದು ಪದ್ಧತಿ. ಎರಡೂ ತೋಟದ ಮೊದಲ ಬುಟ್ಟಿ ಹಣ್ಣನ್ನು ಅಂಗಳದ ಕಲ್ಲುಬಾನಿಯಲ್ಲಿ ತೊಳೆದು, ಹಿಂದಿನ ಗುರುಗಳ ಗದ್ದುಗೆಯ ಮುಂದೆ ಇಡಬೇಕು. ಆಮೇಲೆಯೇ ಉಳಿದ ಕೊಯ್ಲು.

ಮೊದಲು ಮೇಲಿನ ತೋಟದ ಬುಟ್ಟಿ ಸುರಿದರು. ಹಣ್ಣು ಬುಳುಬುಳು ಮುಳುಗಿ ಬಾನಿಯ ತಳ ಸೇರಿತು. ಒಂದೆರಡು ಮೇಲೆ ತೇಲಿದವು, ಅಡುಗೆಯ ಸಾವಂತ್ರಮ್ಮ ಅವನ್ನು ತೆಗೆದು ಆಚೆ ಎಸೆದಳು.

ಆಮೇಲೆ ಪರ್ವತಯ್ಯ ತಾನೇ ಕೆಳಗಿನ ತೋಟದ ಬುಟ್ಟಿ ಎತ್ತಿ ಸುರಿದ. ದೊಡ್ಡ ಬುಟ್ಟಿ, ಕೆಂಪಗೆ ತುಂಬಿ ತುಳುಕುತ್ತಿತ್ತು.

ಹಣ್ಣು ಮುಳುಗಲಿಲ್ಲ.

ಬಾನಿಯ ನೀರೇ ಕಾಣದಂತೆ ತೇಲಿತು. ಅವನು ಕೈಯಿಂದ ಒತ್ತಿದ. ಕೈ ತೆಗೆದ ಕೂಡಲೇ ಮತ್ತೆ ಮೇಲೆ ಬಂತು. ಇನ್ನೊಮ್ಮೆ ಒತ್ತಿದ.

"ನೀರಿಗೇನೋ ಆಗಿದೆ," ಎಂದ.

"ನೀರು ಅದೇ ನೀರು," ಎಂದಳು ಸಾವಂತ್ರಮ್ಮ.

ಬುದ್ಧಿ ಒಂದು ಹಣ್ಣು ತೆಗೆದು ಹಿಸುಕಿ ಅವನ ಅಂಗೈಗೆ ಹಾಕಿದರು. ಒಳಗೆ ಬೀಜವೆಂಬುದು ಹೆಸರಿಗೆ ಮಾತ್ರ, ತೆಳ್ಳಗೆ, ಸುಕ್ಕು ಹಿಡಿದು. ಇನ್ನೊಂದು ಹಿಸುಕಿದರು. ಅದೂ ಜೊಳ್ಳು. ವರ್ಷವೆಲ್ಲ ಕಣ್ಣಿಗೆ ಒತ್ತಿಕೊಂಡ ಬೆಳೆ ಹೀಗೆ ಕೈ ಕೊಟ್ಟಿತೆಂದು ಪರ್ವತಯ್ಯನಿಗೆ ನಂಬಲಾಗಲಿಲ್ಲ.

"ಹೋದ ವರ್ಷ ಮುಳುಗಿತ್ತಲ್ಲ ಬುದ್ಧಿ."

"ಮಚ್ಚು ತಗೊಂಡು ಬಾ," ಎಂದು ಬುದ್ಧಿ ಕೆಳಗಿನ ತೋಟದ ಕಡೆ ನಡೆದರು.

ತೋಟದ ನಡುವೆ ನಿಂತು ಕೇಳಿದರು:

"ಕಾಲಿಗೆ ಏನು ಸಿಗುತ್ತೆ?"

"ಮಣ್ಣು."

"ಮೇಲಿನ ತೋಟದಲ್ಲಿ?"

"ತರಗೆಲೆ. ಕಾಲು ಹೂತುಹೋಗೋಷ್ಟು."

"ಕಿವಿಗೆ ಏನು ಕೇಳಿಸುತ್ತೆ?"

ಪರ್ವತಯ್ಯ ಕಿವಿಗೊಟ್ಟ. ಒಂದು ಹಕ್ಕಿಯ ದನಿಯೂ ಇಲ್ಲ. ತೋಟದ ಬುಡದಲ್ಲಿ ಬೇಸಿಗೆಯಲ್ಲೂ ಜಿನುಗುತ್ತಿದ್ದ ಒರತೆಯ ಸದ್ದೂ ಇಲ್ಲ. ಅದು ಎಂದು ನಿಂತಿತೋ ಅವನು ಗಮನಿಸಿಯೇ ಇರಲಿಲ್ಲ. ದಿನಾ ಬರುತ್ತಿದ್ದವನು, ಕಾಯಿ ಬಿಟ್ಟು ಬೇರೇನೂ ನೋಡಿರಲಿಲ್ಲ.

"ಏನೂ ಇಲ್ಲ," ಎಂದ.

ಬುದ್ಧಿ ಮಚ್ಚು ಕೇಳಿದರು. ಕೊಟ್ಟ. ತೋಟದಲ್ಲೇ ಅತಿ ಹೆಚ್ಚು ಹಣ್ಣು ಹೊತ್ತ ಗಿಡದ ಮುಂದೆ ಬುದ್ಧಿ ಕುಕ್ಕರಗಾಲಲ್ಲಿ ಕೂತರು. ಏನು ಮಾಡುತ್ತಾರೆಂದು ಅವನಿಗೆ ಅರ್ಥವಾಗುವಷ್ಟರಲ್ಲಿ ಬುಡಕ್ಕೆ ಒಂದೇ ಏಟು ಹಾಕಿದರು.

ಗಿಡ ಹಣ್ಣಿನ ಸಮೇತ ನೆಲಕ್ಕೆ ಬಿತ್ತು.

"ಅಯ್ಯೋ, ಏನು ಮಾಡಿದಿರಿ ಬುದ್ಧಿ!"

ಬುದ್ಧಿ ಕಾಂಡವನ್ನು ಸೀಳಿ ಅವನ ಮುಂದೆ ಹಿಡಿದರು. ಒಳಗೆಲ್ಲ ಸುರಂಗ. ಸುರಂಗದ ತುಂಬ ಮರದ ಹಿಟ್ಟು. ಹಿಟ್ಟಿನ ಮಧ್ಯೆ ಬೆಳ್ಳಗೆ ಒಂದು ಹುಳ, ಹೊಟ್ಟೆ ತುಂಬಿ ಮಲಗಿತ್ತು.

ಪರ್ವತಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಈ ಕೊರಕದ ತಾಯಿ ಮೊಟ್ಟೆ ಇಡೋದು ಬಿಸಿಲು ಬಿದ್ದು ಕಾದ ತೊಗಟೆ ಮೇಲೆ," ಎಂದರು ಬುದ್ಧಿ. "ನೆರಳಿದ್ದ ಕಡೆ ಅಷ್ಟಾಗಿ ಬರಲ್ಲ. ಇಲ್ಲಿ ಅದಕ್ಕೆ ನೀನು ಚಪ್ಪರ ತೆಗೆದು ಹಬ್ಬ ಮಾಡಿಸಿದೆ."

ಅವನು ಪಕ್ಕದ ಗಿಡದ ಕಾಂಡ ಸವರಿ ನೋಡಿದ. ತೊಗಟೆಯ ಮೇಲೆ ಉಬ್ಬು ಏಣು. ಅದರ ಪಕ್ಕದ್ದಕ್ಕೂ. ಓಡಿ ಹೋಗಿ ಆಚೆ ಸಾಲಿನದನ್ನು ನೋಡಿದ, ಈಚೆ ಸಾಲಿನದನ್ನು ನೋಡಿದ. ಎಲ್ಲೋ ಒಂದೊಂದು ಉಳಿದಿತ್ತು.

"ಒಳಗೆ ಹೀಗಿದ್ದರೂ ಇಷ್ಟೊಂದು ಹಣ್ಣು ಹೇಗೆ ಬಿಟ್ಟವು?"

"ನೆರಳಲ್ಲಿದ್ದಾಗ ಎಷ್ಟು ಹೊರಬೇಕು ಅಂತ ಗಿಡಕ್ಕೆ ಗೊತ್ತಿತ್ತು. ನೀನು ಬಿಸಿಲಿಗೆ ನಿಲ್ಲಿಸಿದೆ. ಮೈಯಲ್ಲಿದ್ದದ್ದನ್ನೆಲ್ಲ ತೆಗೆದು ಕೊಟ್ಟುಬಿಡ್ತು. ನೀನು ಅದನ್ನ ಬೆಳೆ ಅಂದೆ."

ಪರ್ವತಯ್ಯ ಬಿದ್ದ ಗಿಡದ ಪಕ್ಕ ಕೂತುಬಿಟ್ಟ. ಆಗ ಅವನಿಗೆ ಚೌಡೇಗೌಡ ನೆನಪಾದ.

"ಬುದ್ಧಿ, ಮೇಲಿನ ತೋಟದ ಮರಗಳನ್ನೂ ಮಾರಿದೀನಿ. ನಾಳೆ ಗರಗಸದವರು ಬರ್ತಾರೆ."

ಈ ಸಲ ಬೆಚ್ಚಿದವರು ಬುದ್ಧಿ. ತಿರುಗಿ ಮೇಲಿನ ತೋಟದ ಕಡೆ ನೋಡಿದರು.

"ವಿಭೂತಿ ಕೊಟ್ಟೆಯಾ?"

"ಕೊಟ್ಟೆ."

"ಹಾಗಾದರೆ ಕೊಟ್ಟಾಯ್ತು."

"ನೀವು ಹಿರಿಯರು, ನೀವು ಬೇಡ ಅನ್ನಿ. ನಿಮ್ಮ ಮಾತು ಯಾರೂ ಮೀರಲ್ಲ."

"ನಾನು ಬೇಡ ಅಂದರೆ ನಾಳೆಯಿಂದ ಈ ಮಠದ ವಿಭೂತಿಗೆ ಬೂದಿಯ ಬೆಲೆ."

"ಮೇಲಿನ ತೋಟ ಹೋದರೆ ಮಠದ ಒಲೆ ಆರುತ್ತೆ ಬುದ್ಧಿ."

"ಆರುತ್ತೆ. ಹಿಂದೆ ಕಾಫಿಯ ಬೆಲೆ ಪಾತಾಳಕ್ಕೆ ಬಿದ್ದ ವರ್ಷ ಒಲೆ ಯಾವುದರಿಂದ ಉರೀತು, ಗೊತ್ತಾ?"

ಗೊತ್ತಿತ್ತು ಅವನಿಗೆ. ಆ ಮರಗಳಿಗೆ ಹಬ್ಬಿದ ಮೆಣಸಿನಿಂದ. ಮಳೆಗಾಲದಲ್ಲಿ ಅನ್ನ ಸಾಲದೆ ಬಂದಾಗ ಹಲಸಿನಕಾಯಿಯಿಂದ. ಸೌದೆಯೂ ಸವರಿದ ಕೊಂಬೆಗಳದೇ. ಅವನು ಇದನ್ನೆಲ್ಲ ಉಂಡು ಬೆಳೆದವನು. ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ, ಅದೇ ಅವನನ್ನು ಕೊಂದಿತು.

ದುಃಖ ಸಿಟ್ಟಾಗಿ ತಿರುಗಿತು.

"ಮೊದಲೇ ಯಾಕೆ ತಡೀಲಿಲ್ಲ ನೀವು? ಕೆಳಗಿನ ತೋಟ ಕಡಿಸುವಾಗ ಬಂದು ನೋಡಿ ಸುಮ್ಮನೆ ಹೋದಿರಿ. ಒಂದು ಮಾತು, ಒಂದೇ ಒಂದು ಮಾತು ಬೇಡ ಅಂದಿದ್ದರೆ ನಿಲ್ಲಿಸ್ತಿದ್ದೆ."

"ನಿಲ್ಲಿಸ್ತಿದ್ದೆ," ಎಂದರು ಬುದ್ಧಿ. "ನಾನು ಸತ್ತ ಮಾರನೇ ದಿನ ನೀನು ಎರಡೂ ತೋಟ ಕಡಿಸ್ತಿದ್ದೆ."

ಅವನಿಗೆ ಆಗ ಹೊಳೆಯಿತು. ಒಂದು ಇಡೀ ತೋಟವನ್ನು ಈ ಮುದುಕರು ತನ್ನ ಪಾಠಕ್ಕೆ ಬಿಟ್ಟುಕೊಟ್ಟಿದ್ದರು.

ಬೆಳಗಾಗುತ್ತಲೇ ಗಾಡಿಗಳು ಬಂದವು. ಹಿಂದೆ ಚೌಡೇಗೌಡ, ಅವನ ಹಿಂದೆ ಗರಗಸ ಹೊತ್ತ ಆಳುಗಳು. ಪರ್ವತಯ್ಯ ಅಂಗಳದಲ್ಲೇ ಅವನ ಕೈ ಹಿಡಿದುಕೊಂಡ.

"ಗೌಡರೇ, ತಪ್ಪಾಯ್ತು. ಮರ ಬಿಟ್ಟುಬಿಡಿ."

ಗೌಡ ಕೆಟ್ಟವನಲ್ಲ. ಆದರೆ ಮುಖ ಗಂಟಿಕ್ಕಿತು.

"ಮರಿದೇವರೇ, ನಿಮ್ಮ ಚಿಟಿಕೆ ನಂಬಿ ನಾನು ಛತ್ರ ಕಟ್ಟೋರಿಗೆ ಮಾತು ಕೊಟ್ಟಿದೀನಿ. ಅವರು ಗೋಡೆ ಎಬ್ಬಿಸಿ ಕಾಯ್ತಾ ಕೂತಿದಾರೆ. ಮಠದವರೇ ಹಿಂಗಂದ್ರೆ ನಾನು ಯಾರ ಮುಂದೆ ಹೋಗಿ ನಿಲ್ಲಲಿ?"

ಪರ್ವತಯ್ಯ ತಲೆ ತಗ್ಗಿಸಿದ.

ಬುದ್ಧಿ ಬಾಗಿಲಿಗೆ ಬಂದರು.

"ಗೌಡ, ನಿನಗೆ ಬೇಕಾಗಿರೋದು ಸೂರಿಗೆ ನಾಟ. ಅಲ್ವೇನಪ್ಪ?"

"ಹೌದು ಬುದ್ಧಿ."

"ಹಸಿ ಮರ ಕಡಿದರೆ ಒಣಗಿಸಬೇಕು. ಒಣಗಿ ಹದವಾದ ನಾಟ ಸಿಕ್ಕಿದರೆ?"

"ಅದಕ್ಕಿಂತ ಇನ್ನೇನು ಬೇಕು. ಆದರೆ ಎಲ್ಲಿದೆ?"

"ಒಳಗೆ ಬಾ."

ಗೌಡ ಚಪ್ಪಲಿ ಬಿಟ್ಟು ಪಡಸಾಲೆಗೆ ಬಂದ. ಬುದ್ಧಿ ಮೇಲೆ ನೋಡಿದರು. ಗೌಡನೂ ನೋಡಿದ. ಕಪ್ಪಗೆ ಹೊಳೆಯುವ ಹೊನ್ನೆಯ ತೊಲೆಗಳು, ಹಲಸಿನ ಕಂಬಗಳು. ಯಾವ ಕಾಲದವೋ, ಒಂದು ಬಿರುಕಿಲ್ಲ.

ಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಮುಖದ ಬಣ್ಣ ಇಳಿಯಿತು.

"ಬೇಡ ಬುದ್ಧಿ. ಇಂಥಾ ಮಾತು ಆಡಬೇಡಿ."

"ಪಡಸಾಲೆಯದು, ನನ್ನ ಕೋಣೆಯದು. ಗದ್ದುಗೆಯ ಗುಡಿ, ಅಡುಗೆಮನೆ ಬಿಟ್ಟುಬಿಡು. ಛತ್ರಕ್ಕೆ ಸಾಕಾಗುತ್ತಾ ನೋಡಿ ಹೇಳು."

"ಸಾಕಾಗೋದಲ್ಲ, ಮಿಕ್ಕುತ್ತೆ. ಆದರೆ ಮಠದ ಸೂರು ಕಿತ್ತೋನು ಅಂತ ನನ್ನ ಮಕ್ಕಳು ಮೊಮ್ಮಕ್ಕಳು ಅನ್ನಿಸ್ಕೋಬೇಕಾ?"

"ಕೀಳೋದು ನಾನು. ನೀನು ಹೊತ್ತುಕೊಂಡು ಹೋಗು. ಏಣಿ ತನ್ನಿ."

ಯಾರೂ ಏಣಿ ತರಲಿಲ್ಲ. ಗರಗಸದವರು ಗೋಡೆಗೆ ಅಂಟಿ ನಿಂತಿದ್ದರು. ಸಾವಂತ್ರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಕಣ್ಣು ಬಿಟ್ಟುಕೊಂಡು ನೋಡಿದಳು. ಬುದ್ಧಿ ಹಿತ್ತಲಿಗೆ ಹೋಗಿ ಕಾಳುಮೆಣಸು ಕೊಯ್ಯುವ ಏಣಿಯನ್ನು ತಾವೇ ಎಳೆದು ತಂದರು. ಪರ್ವತಯ್ಯ ಓಡಿ ಹೋಗಿ ಕಾಲು ಹಿಡಿದ.

"ವಿಭೂತಿ ಕೊಟ್ಟವನು ನಾನು. ಮಾತಿಗೆ ತಪ್ಪಿದ ಪಾಪ ನನಗಿರಲಿ. ಇದೊಂದು ಮಾಡಬೇಡಿ, ನಿಮ್ಮ ದಮ್ಮಯ್ಯ."

"ಕಾಲು ಬಿಡು. ಏಣಿ ಹಿಡಿ."

"ಬುದ್ಧಿ, ಈ ವಯಸ್ಸಿನಲ್ಲಿ ನೀವು ಬಯಲಲ್ಲಿ ಮಲಗೋದಾ?"

"ನನ್ನ ತಲೆ ಮೇಲಿನ ಸೂರು ಹೋದರೆ ಬಯಲಾಗೋದು ನಾನೊಬ್ಬ. ಆ ತೋಟದ ತಲೆ ಮೇಲಿನ ನೆರಳು ಹೋದರೆ ಎಷ್ಟು ಜನ, ನೀನೇ ಯೋಚನೆ ಮಾಡು. ಹಿಡಿ."

ಅವನು ಹಿಡಿದ. ಬುದ್ಧಿ ಒಂದೊಂದೇ ಮೆಟ್ಟಿಲು ಹತ್ತಿದರು. ಮೊದಲ ಹೆಂಚು ತೆಗೆದು ಕೆಳಗೆ ನೀಡಿದರು. ಪರ್ವತಯ್ಯ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆ ಸಂದಿಯಿಂದ ಒಂದು ಕೋಲು ಬಿಸಿಲು ಬಂದು, ಯಾವತ್ತೂ ಬಿಸಿಲು ಕಾಣದ ನೆಲದ ಮೇಲೆ ಬಿತ್ತು. ಸಾವಂತ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೌಡ ಮುಖ ಆಚೆ ತಿರುಗಿಸಿಕೊಂಡ.

ಎರಡನೆಯ ಹೆಂಚಿಗೆ ಒಬ್ಬ ಆಳು ಬಂದು ಕೈ ಕೊಟ್ಟ. ಆಮೇಲೆ ಎಲ್ಲರೂ ಬಂದರು. ನಡುಹಗಲಿಗೆ ಪಡಸಾಲೆಯ ನಾಲ್ಕು ಗೋಡೆ ಮಾತ್ರ ನಿಂತಿತ್ತು. ಗಾಡಿ ಹೊರಡುವಾಗ ಗೌಡ ಬುದ್ಧಿಯ ಎದುರು ಬಂದು ನಿಂತ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಗಾಡಿಯ ಹಿಂದೆ ನಡೆದ.

ಪರ್ವತಯ್ಯ ಸೀದಾ ಕೆಳಗಿನ ತೋಟಕ್ಕೆ ಹೋದ. ಹುಳ ಹಿಡಿದ ಗಿಡಗಳನ್ನು ಹುಡುಕಿ ಹುಡುಕಿ ಕಿತ್ತು ರಾಶಿ ಹಾಕಿ ಬೆಂಕಿ ಕೊಟ್ಟ. ಹಣ್ಣು ಚಟಪಟ ಸಿಡಿಯುತ್ತಿತ್ತು. ಅವನು ಅಳುತ್ತ ಕೀಳುತ್ತಿದ್ದ, ಕೀಳುತ್ತ ಅಳುತ್ತಿದ್ದ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಹೋಗಬೇಡಿ ಎಂದು ಬುದ್ಧಿ ಹೇಳಿದ್ದರು.

ಸಂಜೆ ಮೈಯೆಲ್ಲ ಮಸಿ ಮಾಡಿಕೊಂಡು ಬಂದ. ಬುದ್ಧಿ ಬೋಳು ಪಡಸಾಲೆಯಲ್ಲಿ ಗೋಡೆಗೆ ಒರಗಿ, ಸಾವಂತ್ರಮ್ಮ ತಂದುಕೊಟ್ಟ ಗಂಜಿ ಕುಡಿಯುತ್ತಿದ್ದರು. ಅವನು ಹೊಸ್ತಿಲ ಆಚೆಯೇ ನಿಂತ.

"ಬುದ್ಧಿ, ನನ್ನನ್ನ ಮಠದಿಂದ ಆಚೆ ಹಾಕಿ."

"ಆಚೆ ಅಂದರೆ ಎಲ್ಲಿಗಪ್ಪ? ಸೂರು ಹೋದ ಮೇಲೆ ಇಲ್ಲಿ ಎಲ್ಲಾ ಆಚೆಯೇ. ಬಂದು ಕೂತ್ಕೋ."

ಅವನು ಬಂದು ಕೂತ. ಸಾವಂತ್ರಮ್ಮ ಅವನ ಮುಂದೆಯೂ ಒಂದು ಬಟ್ಟಲು ಗಂಜಿ ಇಟ್ಟಳು. ಕುಡಿಯಲು ಆಗಲಿಲ್ಲ. ಕುತ್ತಿಗೆ ಎತ್ತಿ ನೋಡಿದ. ತೊಲೆಗಳಿದ್ದ ಜಾಗದಲ್ಲಿ ಗೋಡೆಯ ಮೇಲೆ ಖಾಲಿ ಗೂಡುಗಳು.

"ಮಳೆಗಾಲಕ್ಕೆ ಏನು ಮಾಡೋದು?"

"ಹುಲ್ಲು ಹೊದಿಸೋಣ. ಸೋರುತ್ತೆ. ಸೋರಿದ ಕಡೆ ಪಾತ್ರೆ ಇಡೋಣ."

"ಅಂಥಾ ತೊಲೆಗಳು ಈ ಮಠಕ್ಕೆ ಇನ್ನು ಯಾವ ಕಾಲಕ್ಕೆ ಬರ್ತವೆ ಬುದ್ಧಿ?"

ಬುದ್ಧಿ ಗಂಜಿಯ ಕೊನೆಯ ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಕೆಳಗಿನ ತೋಟದಲ್ಲಿ ಈ ಮಳೆಗೆ ಹೊನ್ನೆ, ಹಲಸು ನೆಡು. ನಿನ್ನ ಶಿಷ್ಯನ ಶಿಷ್ಯ ನೆನೆಯದೆ ಮಲಗ್ತಾನೆ."